ಕಲ್ಲಿನಂಥ ಗಿಡಕ್ಕೆ ಹೂ ಬರುವ ತನಕ

ಲಿಥಾಪ್ಸ್ ಅಂದರೆ ಒಂದು ಜೋಡಿ ದಪ್ಪ ಎಲೆಯಷ್ಟೇ ಇರುವ, ನೋಡಲು ಬೆಣಚುಕಲ್ಲಿನಂಥ ಗಿಡ. ಅದರ ಬೀಜದ ಪೊಟ್ಟಣ ಬಿಚ್ಚುವ ಮುಂಚೆ ಫ್ಯಾನ್ ನಿಲ್ಲಿಸಿ. ಬೀಜ ಧೂಳಿನಷ್ಟು ಸಣ್ಣದು. ಮೊದಲ ಸಲ ನಾನು ಒಂದೇ ಒಂದು ಸೀನಿಗೆ ಅರ್ಧ ಪೊಟ್ಟಣ ಕಳೆದುಕೊಂಡೆ. ಈಗ ಚಿಟಿಕೆ ನಯವಾದ ಒಣ ಮರಳಿನಲ್ಲಿ ಬೆರೆಸಿ, ಮಡಿಸಿದ ಕಾಗದದ ತುದಿಯಿಂದ ಬೆರಳಲ್ಲಿ ತಟ್ಟುತ್ತಾ ಉದುರಿಸುತ್ತೇನೆ. ಮೇಲೆ ಮಣ್ಣು ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು.

ಕುಂಡದಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚಿರಲಿ. ಎರಡು ಪಾಲು ಪ್ಯೂಮಿಸ್ (ತೂತು ತೂತಾದ ಹಗುರ ಜ್ವಾಲಾಮುಖಿ ಕಲ್ಲು) ಇಲ್ಲವೇ ದಪ್ಪ ಮರಳು, ಒಂದು ಪಾಲು ಜರಡಿ ಹಿಡಿದ ಮಣ್ಣು. ಈ ಗಿಡದ ತವರು ದಕ್ಷಿಣ ಆಫ್ರಿಕಾ, ನಮೀಬಿಯಾದ ಬೆಂಗಾಡು. 1811ರಲ್ಲಿ ಬರ್ಚೆಲ್ ಎಂಬ ಸಸ್ಯಪ್ರಿಯ ಪ್ರವಾಸಿ ಚಂದದ ಕಲ್ಲೆಂದು ಎತ್ತಿಕೊಂಡ ಮೇಲೆಯೇ ಇದು ಗಿಡ ಅಂತ ಅವನಿಗೆ ಗೊತ್ತಾದದ್ದು. ಮಿಶ್ರಣವನ್ನು ಒಮ್ಮೆ ಹಬೆಯಲ್ಲಿಟ್ಟು ಆರಿಸಿಕೊಂಡರೆ ಬೂಷ್ಟಿನ ಕಾಟ ಕಡಿಮೆ.

ನೀರನ್ನು ಮೇಲಿಂದ ಸುರಿಯದೆ, ಕುಂಡವನ್ನು ತಟ್ಟೆಯ ನೀರಿನಲ್ಲಿ ಕೂರಿಸಿ. ಮೇಲ್ಮೈ ಕಪ್ಪಾದ ಕೂಡಲೇ ತೆಗೆದು, ಪ್ಲಾಸ್ಟಿಕ್ ಹೊದಿಸಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿಡಿ. 20-25 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಂದೆರಡು ವಾರದಲ್ಲಿ ಸೂಜಿತಲೆಯಷ್ಟು ಹಸಿರು ಹನಿಗಳು ಏಳುತ್ತವೆ. ಕನ್ನಡಕ ಹಾಕಿಕೊಂಡು ನೋಡಿದರೆ ನಡುವೆ ಕೂದಲೆಳೆಯಂಥ ಸೀಳು ಕಾಣುತ್ತದೆ. ಆಮೇಲೆ ಹೊದಿಕೆಯನ್ನು ದಿನಕ್ಕಿಷ್ಟು ಸರಿಸುತ್ತಾ ಗಾಳಿ ಆಡಲು ಬಿಡಿ. ಮೊದಲ ಒಂದೆರಡು ತಿಂಗಳು ಮೇಲ್ಮೈ ಪೂರ್ತಿ ಒಣಗಬಾರದು.

ಅಲ್ಲಿಂದ ಮುಂದೆ ನಿಮ್ಮ ಕೈ ಕಟ್ಟಿಹಾಕಿಕೊಳ್ಳುವುದೇ ಕೆಲಸ. ಈ ಗಿಡ ಸಾಯುವುದು ಬಾಯಾರಿ ಅಲ್ಲ, ಕುಡಿದೂ ಕುಡಿದೂ. ಹಳೆಯ ಜೋಡಿ ಎಲೆಯ ಒಳಗೆ ಹೊಸ ಜೋಡಿ ಬೆಳೆಯುತ್ತದೆ. ಅದರ ಊಟ, ನೀರು ಎರಡೂ ಹಳೆಯ ಎಲೆಯದೇ. ತಾಯೆಲೆ ಸುಕ್ಕುಗಟ್ಟಿ ಸೊರಗುವುದು ಕಂಡು ಮನಸ್ಸು ತಡೆಯದೆ ನಾನೊಮ್ಮೆ ಧಾರಾಳವಾಗಿ ನೀರು ಕೊಟ್ಟೆ. ಒಣಗಬೇಕಿದ್ದ ಎಲೆ ಮತ್ತೆ ಉಬ್ಬಿಕೊಂಡಿತು, ಮರಿ ಅದರೊಳಗೇ ಇಕ್ಕಟ್ಟಾಯಿತು, ಕೊನೆಗೆ ಎರಡೂ ಕೊಳೆತವು. ಹಳೆ ಎಲೆ ಈರುಳ್ಳಿ ಸಿಪ್ಪೆಯಂತೆ ಗರಿಗರಿ ಒಣಗುವವರೆಗೆ ದೊಡ್ಡ ಗಿಡಕ್ಕೆ ನೀರು ಬೇಡ. ಉಗುರಿನಿಂದ ಸುಲಿಯಲೂ ಹೋಗಬೇಡಿ. ಉಳಿದ ಕಾಲದಲ್ಲಿ ಪಕ್ಕವನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ, ಗಟ್ಟಿಯಿದ್ದರೆ ಇನ್ನೂ ತಡೆಯಿರಿ.

ಹೂವಿಗೆ ಮೂರರಿಂದ ಐದು ವರ್ಷ ಕಾಯಬೇಕು. ಸೀಳಿನಿಂದ ಮೊಗ್ಗು ಇಣುಕಿ, ಮಧ್ಯಾಹ್ನದ ಬಿಸಿಲಿಗೆ ಹಳದಿಯೋ ಬಿಳಿಯೋ ಹೂ ಅರಳಿ, ಸಂಜೆಗೆ ಮುಚ್ಚಿಕೊಳ್ಳುತ್ತದೆ. ಗಿಡವೇ ಕಾಣದಷ್ಟು ಅಗಲ ಹೂ! ಬೀಜ ಬೇಕಾದರೆ ಒಂದೇ ಗಿಡ ಸಾಲದು. ತನ್ನ ಪರಾಗ ತನಗೆ ಆಗುವುದಿಲ್ಲ. ಅದೇ ಜಾತಿಯ ಇನ್ನೊಂದು ಗಿಡವೂ ಅರಳಿದಾಗ ಮೃದುವಾದ ಕುಂಚದಿಂದ ಅತ್ತಿಂದಿತ್ತ ಸವರಿ.

ತಿಂಗಳುಗಳ ಮೇಲೆ ಕಾಯಿ ಒಣಗುತ್ತದೆ. ಅದನ್ನು ಒಡೆಯಬೇಡಿ, ಚಮಚದಲ್ಲಿಟ್ಟು ಒಂದು ಹನಿ ನೀರು ಬಿಡಿ. ನೋಡನೋಡುತ್ತಲೇ ನಕ್ಷತ್ರದಂತೆ ಬಿಚ್ಚಿಕೊಳ್ಳುತ್ತದೆ, ಒಣಗಿದರೆ ಮತ್ತೆ ಮುಚ್ಚುತ್ತದೆ. ಮರುಭೂಮಿಯಲ್ಲಿ ಮಳೆ ಬಂದದ್ದು ಅದಕ್ಕೆ ತಿಳಿಯುವುದೇ ಹೀಗೆ. ಬೀಜವನ್ನು ತೊಳೆದು ಕಾಗದದ ಮೇಲೆ ಆರಿಸಿ, ಪೊಟ್ಟಣಕ್ಕೆ ಹೆಸರು, ವರ್ಷ ಬರೆದಿಡಿ. ನೆನಪಿರುತ್ತದೆ ಬಿಡು ಅಂದುಕೊಂಡು ನಾನು ಬರೆಯದೆ ಇಟ್ಟ ಮೂರು ಪೊಟ್ಟಣ ಇನ್ನೂ ಡಬ್ಬಿಯಲ್ಲಿವೆ, ಯಾವುದು ಯಾವುದೋ.