ದೂರಿಗೊಂದು ತಾರೀಖು

ಕಾರವಾರದ ರವಿವಾರದ ಸಂತೆಗೆ ಸೊಪ್ಪು ಮಾರಲು ಬಂದಿದ್ದ ಹೆಂಗಸೊಬ್ಬರು ಬುಟ್ಟಿಯನ್ನು ಮೆಟ್ಟಿಲ ಬುಡದಲ್ಲಿಟ್ಟು, ಜನರ ದೂರು ಬರೆದುಕೊಡುವ ನಮ್ಮ ಸಮಿತಿಯ ಕೋಣೆಗೆ ಹತ್ತಿ ಬಂದು, ತಮ್ಮ ವಿಧವಾ ವೇತನ ನಿಂತುಹೋಗಿದೆ ಎಂದಾಗ ನಾನು ಮೊದಲು ಕೇಳಿದ್ದು, ಯಾವಾಗಿನಿಂದ ಎಂದು. “ಬಂಡಿಹಬ್ಬದ ಮೊದ್ಲು ಒಂದ್ಸಲ ಬಂದಿತ್ತು, ಆಮೇಲೆ ಇಲ್ಲ” ಎಂದರು. ಅವರ ಊರಿನ ಬಂಡಿಹಬ್ಬ ಮೇ ತಿಂಗಳಲ್ಲಿ. ಪಾಸ್‌ಪುಸ್ತಕ ತರಿಸಿ ನೋಡಿದರೆ ಕೊನೆಯ ಜಮೆ ಏಪ್ರಿಲ್ 11ರದ್ದು. ಅಷ್ಟು ಗೊತ್ತಾದ ಮೇಲೆ ಉಳಿದದ್ದು ಅರ್ಧ ಗಂಟೆಯ ಕೆಲಸ. ಅರ್ಜಿ ಬರೆದು, ಮರುದಿನ ಅವರ ತಾಲ್ಲೂಕಿನ ಕಚೇರಿಯ ಟಪಾಲಿನಲ್ಲಿ ಕೊಟ್ಟು, ಎರಡನೆಯ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬಂದೆವು. ಆಧಾರ್ ಜೋಡಣೆಯಲ್ಲಿ ಹೆಸರಿನ ಒಂದಕ್ಷರ ತಪ್ಪಿದೆಯೆಂದು ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬಂತು. ತಿದ್ದಿಸಿದ ಮೇಲೆ ಹಣವೂ ಬಂತು. ಇಂಥದನ್ನು ಮಾನವ ಹಕ್ಕುಗಳ ಕೆಲಸವೆಂದು ಕರೆಯಲು ಮೊದಲ ಎರಡು ವರ್ಷ ನನಗೆ ಸಂಕೋಚವಿತ್ತು. ಈಗಿಲ್ಲ.

ಕಂದಾಯ ಇಲಾಖೆಯಲ್ಲಿ 31 ವರ್ಷ ಇದ್ದವನು ನಾನು, ಅದರಲ್ಲಿ 9 ವರ್ಷ ಟಪಾಲು ಮೇಜಿನಲ್ಲಿ ಕುಳಿತಿದ್ದೆ. ಮೊಹರು ಬೀಳದ ಅರ್ಜಿಯ ಗತಿ ಏನಾಗುತ್ತದೆ ಎಂಬುದನ್ನು ಆ ಕಡೆಯಿಂದಲೇ ನೋಡಿದ್ದೇನೆ. ಆವಕ ವಹಿಯಲ್ಲಿ ಅದಕ್ಕೆ ಸಂಖ್ಯೆ ಇರುವುದಿಲ್ಲ, ಸಂಖ್ಯೆ ಇಲ್ಲದ್ದನ್ನು ಯಾರೂ ಹುಡುಕುವುದಿಲ್ಲ, ಹುಡುಕದ್ದಕ್ಕೆ ಉತ್ತರ ಕೊಡಬೇಕಾದವರೂ ಇರುವುದಿಲ್ಲ. ನಿವೃತ್ತನಾದ ಮೇಲೆ ನಾವು ಆರು ಜನ ಸೇರಿ ಈ ಸಮಿತಿ ಮಾಡಿಕೊಂಡೆವು: ಒಬ್ಬರು ನಿವೃತ್ತ ಮುಖ್ಯಾಧ್ಯಾಪಕಿ, ಒಬ್ಬರು ದಾದಿಯಾಗಿದ್ದವರು, ಒಬ್ಬ ಯುವ ವಕೀಲ, ಬಂದರಿನಲ್ಲಿ ಬೋಟ್ ಇರುವ ಮನೆಯ ಒಬ್ಬ ಹುಡುಗ, ಔಷಧಿ ಅಂಗಡಿಯ ಗೆಳೆಯರು, ಮತ್ತು ನಾನು. ಆ ಗೆಳೆಯರ ಅಂಗಡಿಯ ಮಹಡಿಯೇ ನಮ್ಮ ಕಚೇರಿ. ರವಿವಾರವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸಂತೆ. ನಮಗಾಗಿಯೇ ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ಹಣ ಕೊಟ್ಟು ಬರಬೇಕೆಂದರೆ ಬರಬೇಕಾದವರು ಬರುವುದಿಲ್ಲ.

ಹೆಸರಿನ ವಿಷಯದಲ್ಲಿ ಮಾತ್ರ ಮೊದಲ ಸಭೆಯಲ್ಲೇ ಜಗಳವಾಯಿತು. ಅಮೆರಿಕದ ಎಷ್ಟೋ ನಗರಗಳಲ್ಲಿ ಅಲ್ಲಿನ ನಗರಾಡಳಿತವೇ ಸಂಬಳವಿಲ್ಲದ ನಾಗರಿಕರನ್ನು ನೇಮಿಸಿ ಮಾನವ ಹಕ್ಕುಗಳ ಆಯೋಗ ಮಾಡುತ್ತದೆ. ಮನೆ ಬಾಡಿಗೆಯಲ್ಲಿ, ಕೆಲಸದಲ್ಲಿ ತಾರತಮ್ಯವಾದರೆ ಜನ ಅಲ್ಲಿಗೆ ಹೋಗುತ್ತಾರೆ. ನಮ್ಮ ವಕೀಲ ಗೆಳೆಯ ಇದನ್ನು ಓದಿಕೊಂಡು ಬಂದು, ನಾವೂ ‘ಕಾರವಾರ ನಗರ ಮಾನವ ಹಕ್ಕುಗಳ ಆಯೋಗ’ ಎಂದು ಇಟ್ಟುಕೊಳ್ಳೋಣ ಎಂದ. ನಾನು ಒಪ್ಪಲಿಲ್ಲ. ನಮ್ಮಲ್ಲಿ ಆಯೋಗ ಎಂಬುದು 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ, ದೆಹಲಿಯಲ್ಲೊಂದು, ಬೆಂಗಳೂರಿನಲ್ಲೊಂದು. ನಮ್ಮಂಥ ಸಂಘಸಂಸ್ಥೆಗಳನ್ನು ಪ್ರೋತ್ಸಾಹಿಸಬೇಕೆಂದು ಅದೇ ಕಾಯ್ದೆಯ 12ನೆಯ ಕಲಮು ಆಯೋಗಕ್ಕೆ ಹೇಳುತ್ತದೆ, ಆದರೆ ಅದರ ಹೆಸರನ್ನು ನಾವು ತೊಟ್ಟುಕೊಳ್ಳಬಹುದೆಂದು ಎಲ್ಲಿಯೂ ಹೇಳುವುದಿಲ್ಲ. ಕಾರಿನ ಮುಂದೆ ‘ಮಾನವ ಹಕ್ಕುಗಳು’ ಎಂಬ ಕೆಂಪು ಫಲಕ ಹಾಕಿಕೊಂಡು ಟೋಲ್ ತಪ್ಪಿಸುವವರನ್ನೂ, ಗುರುತಿನ ಚೀಟಿಯನ್ನು ಸಾವಿರಗಟ್ಟಲೆ ರೂಪಾಯಿಗೆ ಮಾರುವವರನ್ನೂ ಎಲ್ಲರೂ ಕಂಡಿದ್ದೇವೆ. ಅಂಥವರು ಒಮ್ಮೆ ಹೊಕ್ಕು ಬಂದ ಠಾಣೆಗೆ ನಿಜವಾದ ದೂರು ಹಿಡಿದು ಹೋಗುವುದು ಎಷ್ಟು ಕಷ್ಟವೆಂಬುದು ಹೋದವರಿಗೇ ಗೊತ್ತು. ಕೊನೆಗೆ ‘ಹಕ್ಕು ನೆರವು ಬಳಗ’ ಎಂದು ಒಪ್ಪಿಕೊಂಡೆವು. ಗುರುತಿನ ಚೀಟಿ ಇಲ್ಲ, ಫಲಕವಿಲ್ಲ, ಇರುವುದು ಒಂದು ವಹಿ.

ಮೊದಲ ವರ್ಷಗಳ ನಮ್ಮ ತಪ್ಪುಗಳು ಬಹುಪಾಲು ಉತ್ಸಾಹದ ತಪ್ಪುಗಳು. ಒಂದೇ ದೂರನ್ನು ರಾಜ್ಯ ಆಯೋಗಕ್ಕೂ ರಾಷ್ಟ್ರೀಯ ಆಯೋಗಕ್ಕೂ ಒಟ್ಟಿಗೆ ಕಳುಹಿಸಿದೆವು, ಎರಡು ಕಡೆ ಬಡಿದರೆ ಒಂದಾದರೂ ಬಾಗಿಲು ತೆರೆದೀತು ಎಂಬ ಲೆಕ್ಕದಲ್ಲಿ. ಕಾಯ್ದೆಯ 36ನೆಯ ಕಲಮಿನ ಪ್ರಕಾರ ಒಂದು ಆಯೋಗದ ಮುಂದಿರುವ ವಿಷಯವನ್ನು ರಾಷ್ಟ್ರೀಯ ಆಯೋಗ ವಿಚಾರಿಸುವಂತಿಲ್ಲ. ಅಲ್ಲಿಂದ ದೂರು ಮರಳಿತು. ಅದೇ ಕಲಮಿನಲ್ಲಿ ಘಟನೆ ನಡೆದು ಒಂದು ವರ್ಷ ಕಳೆದರೆ ದೂರನ್ನು ತೆಗೆದುಕೊಳ್ಳುವಂತಿಲ್ಲ ಎಂದೂ ಇದೆ. ನಾವು ಒಬ್ಬರ ವಿಷಯದಲ್ಲಿ ಜಿಲ್ಲಾ ಮಟ್ಟದಲ್ಲೇ ಮನವಿಯ ಮೇಲೆ ಮನವಿ ಕೊಡುತ್ತಾ, ಈ ತಿಂಗಳು ಆಗಬಹುದು, ಮುಂದಿನ ತಿಂಗಳು ಆಗಬಹುದು ಎಂದು ಕಾದು, ಹದಿಮೂರನೆಯ ತಿಂಗಳಲ್ಲಿ ಬೆಂಗಳೂರಿಗೆ ಬರೆದೆವು. ಆ ಮನುಷ್ಯರು ಇಂದಿಗೂ ದಾರಿಯಲ್ಲಿ ಸಿಕ್ಕಿದರೆ ನಮಸ್ಕಾರ ಹೇಳುತ್ತಾರೆ. ನನಗೆ ಮುಖ ಎತ್ತುವುದು ಕಷ್ಟವಾಗುತ್ತದೆ. ಅಂದಿನಿಂದ ವಹಿಯ ಪ್ರತಿ ಪುಟದ ಬಲ ಮೂಲೆಯಲ್ಲಿ, ಘಟನೆಯ ದಿನಕ್ಕೆ ಒಂದು ವರ್ಷ ತುಂಬುವ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇವೆ.

ಎಲ್ಲಿಗೆ ಬರೆಯಬೇಕು ಎಂಬುದು ಕಾರವಾರದಲ್ಲಿ ಬೇರೆ ಊರುಗಳಿಗಿಂತ ತುಸು ಗೋಜಲು. ರಾಜ್ಯ ಆಯೋಗದ ವ್ಯಾಪ್ತಿ ಸಂವಿಧಾನದ ರಾಜ್ಯ ಪಟ್ಟಿ ಮತ್ತು ಸಮವರ್ತಿ ಪಟ್ಟಿಯ ವಿಷಯಗಳಿಗೆ ಸೀಮಿತ. ನಮ್ಮಲ್ಲಿ ಅರಗಾದ ನೌಕಾನೆಲೆಯಿದೆ, ಕೈಗಾದ ಅಣುವಿದ್ಯುತ್ ಸ್ಥಾವರವಿದೆ, ಕೊಂಕಣ ರೈಲ್ವೆಯಿದೆ, ಇವೆಲ್ಲ ಕೇಂದ್ರದವು. ಆದ್ದರಿಂದ ಬಂದವರು ಯಾವ ಗೇಟಿನ ಒಳಗೆ, ಯಾವ ಗೇಟಿನ ಹೊರಗೆ ಏನಾಯಿತು ಎಂದು ವಿವರಿಸುವವರೆಗೆ ನಾವು ಪೆನ್ನು ಎತ್ತುವುದಿಲ್ಲ. ಸಶಸ್ತ್ರ ಪಡೆಗಳ ವಿಷಯವಾದರೆ ರಾಷ್ಟ್ರೀಯ ಆಯೋಗ ಸಹ ಕೇಂದ್ರ ಸರ್ಕಾರದಿಂದ ವರದಿ ಕೇಳಿ, ಅದರ ಮೇಲೆ ಶಿಫಾರಸು ಮಾಡಬಹುದಷ್ಟೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೇಳಿದರೆ ಕೆಲವರು ಎದ್ದು ಹೋಗುತ್ತಾರೆ, ಹೋಗಲಿ.

ಬಾಡಿಗೆ ಮನೆಯ ದೂರುಗಳಲ್ಲಿ ನಾವು ಬಹುತೇಕ ಸೋತಿದ್ದೇವೆ. ಮೀನು ಬೇಯಿಸುವವರಿಗೆ ಮನೆ ಇಲ್ಲ ಎನ್ನುವ ಮಾಲೀಕರು ಘಟ್ಟದ ಮೇಲೆಯೂ ಇದ್ದಾರೆ, ಮೀನಿನ ವಾಸನೆಯಲ್ಲೇ ಬೆಳಗಾಗುವ ಕಾರವಾರದಲ್ಲಿಯೂ ಇದ್ದಾರೆ. ಮೀನು ಎಂಬುದು ಅಲ್ಲಿ ಹೆಸರಿಗೆ ಮಾತ್ರ, ಕೇಳುತ್ತಿರುವುದು ಜಾತಿ ಅಥವಾ ಧರ್ಮ. ಆದರೆ ನಮ್ಮ ಆಯೋಗಗಳು ನೋಡುವುದು ಸರ್ಕಾರಿ ನೌಕರರು ಮಾಡಿದ, ಅಥವಾ ತಡೆಯದೆ ಬಿಟ್ಟ ಉಲ್ಲಂಘನೆಯನ್ನು. ಮನೆ ಮಾಲೀಕರು ಅದರೊಳಗೆ ಬರುವುದಿಲ್ಲ. ಅಮೆರಿಕದ ಆ ನಗರ ಆಯೋಗಗಳ ಬಗ್ಗೆ ನನಗೆ ಹೊಟ್ಟೆಕಿಚ್ಚಾಗುವುದು ಇದೊಂದು ಕಾರಣಕ್ಕೆ.

ಪೊಲೀಸ್ ಠಾಣೆಯ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೀನುಗಾರಿಕೆ ನಿಷೇಧದ ಅವಧಿ ಜುಲೈ 31ಕ್ಕೆ ಮುಗಿದು ಬೋಟುಗಳು ಕಡಲಿಗಿಳಿದ ಹೊಸತು. ಪೂರ್ವದ ರಾಜ್ಯವೊಂದರಿಂದ ಬೋಟಿನ ಕೆಲಸಕ್ಕೆ ಬಂದಿದ್ದ ಹುಡುಗನೊಬ್ಬನನ್ನು ಡೀಸೆಲ್ ಕಳವಿನ ಅನುಮಾನದ ಮೇಲೆ ಕರಾವಳಿಯ ಒಂದು ಠಾಣೆಗೆ ಕರೆದೊಯ್ದಿದ್ದರು. ಎರಡನೆಯ ರಾತ್ರಿಯಾದರೂ ಬಿಟ್ಟಿರಲಿಲ್ಲ. ಅವನ ಜೊತೆಗಾರರು ನಮ್ಮ ಬೋಟಿನ ಹುಡುಗನಿಗೆ ಫೋನ್ ಮಾಡಿದರು. ಬಂಧಿಸಿದರೆ ಬಂಧನದ ಮೆಮೊ ಇರಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸಂವಿಧಾನದ 22ನೆಯ ವಿಧಿಯೂ, 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಡಿ.ಕೆ. ಬಸು ಪ್ರಕರಣದಲ್ಲಿ ಕೊಟ್ಟ ತೀರ್ಪೂ ಹೇಳುವ ಈ ಮಾತುಗಳನ್ನು ಠಾಣೆಯಲ್ಲಿ ಬಾಯಲ್ಲಿ ಹೇಳಿದರೆ ವಾದಕ್ಕೆ ವಾದ ಬೆಳೆಯುತ್ತದೆ. ನಾವು ಏಳು ಸಾಲಿನ ಪತ್ರ ಬರೆದೆವು: ಇಂಥ ದಿನ, ಇಷ್ಟು ಹೊತ್ತಿಗೆ, ಇಂಥಲ್ಲಿಂದ ಕರೆತರಲಾದ ಇವನನ್ನು ಬಂಧಿಸಲಾಗಿದೆಯೇ, ಆಗಿದ್ದರೆ ಮೆಮೊದ ಪ್ರತಿ ಕೊಡಿ. ಅದರ ಪ್ರತಿಯನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೂ ಕಾನೂನು ಸೇವಾ ಪ್ರಾಧಿಕಾರಕ್ಕೂ ಇಮೇಲ್ ಮಾಡಿ, ಮುಖ್ಯಾಧ್ಯಾಪಕಿಯವರೂ ವಕೀಲರೂ ಠಾಣೆಗೆ ಹೋಗಿ ಸ್ವೀಕೃತಿ ಕೇಳಿ ನಿಂತರು. ಸ್ವೀಕೃತಿ ಕೊಡಲಿಲ್ಲ. ಹುಡುಗನನ್ನು ಒಂದೂವರೆ ಗಂಟೆಯ ಮೇಲೆ ಕಳುಹಿಸಿಕೊಟ್ಟರು.

ನಮ್ಮ ದಾದಿ ಗೆಳತಿ ಅವನನ್ನು ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಂಗಾಲಿನಲ್ಲಿ ಬಾವು ಇತ್ತು, ಹೊರರೋಗಿ ಚೀಟಿಯಲ್ಲಿ ವೈದ್ಯರು ಅದನ್ನು ದಿನಾಂಕ, ಸಮಯ ಸಹಿತ ಬರೆದರು. ನಮ್ಮ ಕೈಯಲ್ಲಿದ್ದ ಸಾಕ್ಷ್ಯ ಆ ಅಂಗೈಯಗಲದ ಚೀಟಿ ಮತ್ತು ಇಮೇಲ್ ಹೋದ ಹೊತ್ತು, ಎರಡೇ. ರಾಜ್ಯ ಆಯೋಗ ದೂರನ್ನು ದಾಖಲಿಸಿ ಪೊಲೀಸರಿಂದ ವರದಿ ತರಿಸಿತು. ವಿಚಾರಣೆಗೆಂದು ಕರೆಸಿ ಅದೇ ದಿನ ಕಳುಹಿಸಲಾಗಿದೆ ಎಂದು ವರದಿಯಲ್ಲಿತ್ತು. ಅದಕ್ಕೆ ದೂರುದಾರರ ಹೇಳಿಕೆ ಕೇಳಿ ಬಂದ ಪತ್ರ ಬಂದರಿನ ವಿಳಾಸಕ್ಕೆ ಹೋಗಿ, ಹುಡುಗ ಊರಿಗೆ ಮರಳಿದ್ದರಿಂದ ‘ವಿಳಾಸದಾರರಿಲ್ಲ’ ಎಂದು ಹಿಂತಿರುಗಿತು. ಪ್ರಕರಣ ಮುಕ್ತಾಯವಾಯಿತು. ಹೊರಗಿನಿಂದ ಕೆಲಸಕ್ಕೆ ಬಂದವರ ದೂರಿನಲ್ಲಿ ಈಗ ಪತ್ರವ್ಯವಹಾರಕ್ಕೆ ನಮ್ಮ ಮಹಡಿಯ ವಿಳಾಸ ಕೊಡುತ್ತೇವೆ, ಊರಿನ ಮನೆಯ ಫೋನ್ ಸಂಖ್ಯೆಯನ್ನು ಮೊದಲೇ ಬರೆದುಕೊಳ್ಳುತ್ತೇವೆ. ಆ ಹುಡುಗನ ಪಾಲಿಗೆ ಇದು ತಡವಾಗಿ ಬಂದ ಬುದ್ಧಿ.

ಬರೆಯುವಾಗ ನಾವು ಪಾಲಿಸುವ ಕಟ್ಟಳೆಯೊಂದಿದೆ. ಹೇಳುವವರು ಕೊಂಕಣಿಯಲ್ಲಿ ಹೇಳುತ್ತಾರೆ, ಹಾಲಕ್ಕಿ ಸಮುದಾಯದ ಮಾತಿನಲ್ಲಿ ಹೇಳುತ್ತಾರೆ, ನಾವು ಕಚೇರಿಯ ಕನ್ನಡದಲ್ಲಿ ಬರೆಯುತ್ತೇವೆ. ಈ ದಾಟುವಿಕೆಯಲ್ಲಿ ‘ಬೈದರು’ ಎಂಬುದು ‘ಅಮಾನುಷವಾಗಿ ನಿಂದಿಸಿದರು’ ಎಂದಾಗಿಬಿಡುತ್ತದೆ. ನಮ್ಮ ಸಿಟ್ಟಿನ ವಿಶೇಷಣವೊಂದು ಸೇರಿದರೆ, ವಿಚಾರಣೆಯಲ್ಲಿ ಅದನ್ನು ಸಮರ್ಥಿಸಬೇಕಾದವರು ಅವರು. ಆದ್ದರಿಂದ ಬರೆದದ್ದನ್ನು ಅವರ ಮಾತಿನಲ್ಲೇ ತಿರುಗಿ ಓದಿ ಹೇಳಿ, ಅವರು ಹೌದು ಎಂದ ಮೇಲೆಯೇ ಸಹಿ ಅಥವಾ ಹೆಬ್ಬೆಟ್ಟು.

ಕಳೆದ ಮಳೆಗಾಲದ ಮುಂಚೆ ಘಟ್ಟದ ಮೇಲಿನ ಒಂದು ಊರಿನಲ್ಲಿ ಎರಡು ದಿನ ಇದ್ದೆವು. ಕಾಡಿನ ಭೂಮಿಯ ಮೇಲೆ ಹಕ್ಕು ಕೇಳಿ ಅರಣ್ಯ ಹಕ್ಕು ಕಾಯ್ದೆಯ ಅಡಿ ಕೊಟ್ಟ ಅರ್ಜಿ ಉಪವಿಭಾಗ ಮಟ್ಟದಲ್ಲಿ ತಿರಸ್ಕೃತವಾಗಿತ್ತು. ಅರ್ಜಿದಾರರಿಗೆ ತಿಳಿದದ್ದು ಗೋಡೆಗೆ ಅಂಟಿಸಿದ ಒಂದು ಪಟ್ಟಿಯಿಂದ, ಹೆಸರಿನ ಮುಂದೆ ಒಂದೇ ಪದ. ಆ ಕಾಯ್ದೆಯ ನಿಯಮ 12ಎ ಪ್ರಕಾರ ಕಾರಣ ಸಹಿತ ಅವರಿಗೆ ಖುದ್ದಾಗಿ ತಿಳಿಸಬೇಕು, ಮೇಲ್ಮನವಿಗೆ 60 ದಿನ ಇರುತ್ತದೆ. ಮೊದಲು ಹಿಂಬರಹ ಕೇಳಿದೆವು. ಕೇಳಿದ 19ನೆಯ ದಿನ ಬಂತು: 75 ವರ್ಷಗಳ ದಾಖಲೆ ಇಲ್ಲ. ಪರಿಶಿಷ್ಟ ಪಂಗಡದವರಿಗೆ ಈ ಷರತ್ತು ಇಲ್ಲ, ನಮ್ಮ ಜಿಲ್ಲೆಯ ಆಫ್ರಿಕಾ ಮೂಲದ ಸಿದ್ದಿಗಳು 2003ರಲ್ಲಿ ಆ ಪಟ್ಟಿಗೆ ಸೇರಿದ್ದಾರೆ. ಆದರೆ ನಮ್ಮ ಅರ್ಜಿದಾರರಂಥ ಉಳಿದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 1930ರ ಡಿಸೆಂಬರಿನಿಂದ, ಅಲ್ಲಿ ಇದ್ದುದನ್ನು ತೋರಿಸಬೇಕು. ಕಾಗದವೇ ಬೇಕೆಂದು ನಿಯಮ ಹೇಳುವುದಿಲ್ಲ. ಬಾವಿ, ಮನೆ, ಸುಡುಗಾಡು, ದೇವರ ಕಟ್ಟೆ ಸಾಕ್ಷ್ಯವೇ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯೂ ಸಾಕ್ಷ್ಯವೇ.

ನೆರೆಮನೆಯ ಹಿರಿಯರಿಗೆ ಎಂಬತ್ತಾರು. ನನ್ನನ್ನು ಅವರು ‘ಒಡೆಯಾ’ ಎಂದು ಕರೆಯುತ್ತಿದ್ದರು, ಬೇಡವೆಂದರೂ ಬಿಡಲಿಲ್ಲ. ಹತ್ತಿರದ ವರ್ಷಗಳನ್ನು ಅವರು ಶಿರಸಿಯ ಮಾರಿಜಾತ್ರೆಯಿಂದ ಲೆಕ್ಕ ಹಾಕುತ್ತಿದ್ದರು, ಜಾತ್ರೆ ಎರಡು ವರ್ಷಕ್ಕೊಮ್ಮೆಯಾದ್ದರಿಂದ ನಮಗೂ ಲೆಕ್ಕ ಸಿಗುತ್ತಿತ್ತು. 1930ರ ಹತ್ತಿರ ಮಾತ್ರ ಯಾವ ಜಾತ್ರೆಯೂ ನಮ್ಮನ್ನು ಮುಟ್ಟಿಸಲಿಲ್ಲ. ಎರಡನೆಯ ದಿನ ಚೌಡಿಕಟ್ಟೆಯ ಹತ್ತಿರ ಕುಳಿತು ಕವಳ ಹಾಕುತ್ತಿದ್ದಾಗ ಅವರೇ ಹೇಳಿದರು: “ಅಂಕೋಲೆಲಿ ಉಪ್ಪು ಮಾಡಿದ ವರ್ಷ ಈ ಮನೆಗೆ ಜಂತಿ ಏರ್ಸಿದ್ದು. ಜಂತಿ ಹೊತ್ತದ್ದು ನನ್ನ ಅಪ್ಪ.” ವಕೀಲ ಹುಡುಗ ಆಗಲೇ 1930 ಎಂದು ಬರೆದುಬಿಟ್ಟಿದ್ದ. ಹೊಡೆದು ಹಾಕಿಸಿದೆ. ಹೇಳಿಕೆಯಲ್ಲಿ ಅವರ ಮಾತು ಅವರು ಆಡಿದಂತೆಯೇ ಬಂತು, ಅಪ್ಪನಿಂದ ಕೇಳಿದ್ದು ಎಂಬುದೂ ಸೇರಿ. ಅಂಕೋಲೆಯ ಉಪ್ಪಿನ ಸತ್ಯಾಗ್ರಹ 1930ರ ಏಪ್ರಿಲಿನಲ್ಲಿ ನಡೆಯಿತೆಂಬುದನ್ನು ನಾವು ಮೇಲ್ಮನವಿಯಲ್ಲಿ ಬೇರೆ ಸಾಲಾಗಿ ಸೇರಿಸಿದೆವು.

ಹಿಂಬರಹ ಬಂದ 52ನೆಯ ದಿನ ಅರ್ಜಿದಾರರೊಂದಿಗೆ ಆ ಹಿರಿಯರೂ ಹಟ ಹಿಡಿದು ಬಸ್ಸು ಹತ್ತಿ, ದೇವಿಮನೆ ಘಟ್ಟ ಇಳಿದು, ಕುಮಟೆಯಲ್ಲಿ ಬಸ್ಸು ಬದಲಿಸಿ ಕಾರವಾರಕ್ಕೆ ಬಂದರು. ಜಿಲ್ಲಾ ಮಟ್ಟದ ಸಮಿತಿಗೆ ಮೇಲ್ಮನವಿ ಸಲ್ಲಿಸಿ ಹೊರಬಂದಾಗ ಅವರು ಸ್ವೀಕೃತಿ ಪ್ರತಿಯನ್ನು ಕೈಗೆ ತೆಗೆದುಕೊಂಡು, ಮೊಹರಿನ ಶಾಯಿ ಒಣಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಇದರಲ್ಲಿ ಬರೆದದ್ದು ಏನೆಂದು ಕೇಳಿದರು. ತಾರೀಖು ಎಂದೆ. ವಿಚಾರಣೆ ಇನ್ನೂ ನಡೆದಿಲ್ಲ.