ಹವಳದ ಬಾಯಿಗೇ ತುತ್ತು: ಮನೆಯ ಟ್ಯಾಂಕಿನಲ್ಲಿ ಪ್ಲಾಂಕ್ಟನ್ ತಿನ್ನಿಸುವುದು ಹೇಗೆ?

ಕಳೆದ ಆಷಾಢದಲ್ಲಿ ತೀರ್ಥಹಳ್ಳಿಯ ಗೆಳೆಯರೊಬ್ಬರು ಬೆಳಬೆಳಗ್ಗೆ ಫೋನ್ ಮಾಡಿದರು. "ಮಾರಾಯ್ರೆ, ನಿನ್ನೆ ಹವಳಕ್ಕೆ ಊಟ ಹಾಕಿದ್ದೆ. ಈಗ ನೋಡಿದ್ರೆ ನೀರೆಲ್ಲ ಗಂಜಿ ಆಗಿದೆ." ಹೋಗಿ ನೋಡಿದೆ. ಬಾಟಲಿಯ ಪ್ಲಾಂಕ್ಟನ್ (ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳು) ಆಹಾರವನ್ನು ನಡುಮಧ್ಯಾಹ್ನ, ಪಂಪ್ ಓಡುತ್ತಿರುವಾಗಲೇ ಎರಡು ಮುಚ್ಚಳ ಸುರಿದಿದ್ದರು. ಹವಳಗಳು ಮುದುಡಿಕೊಂಡಿದ್ದವು. ಊಟದ ಅರ್ಧ, ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಯಂತ್ರದ ಕಪ್ಪಿನಲ್ಲಿ ಕಂದು ನೊರೆಯಾಗಿತ್ತು, ಉಳಿದರ್ಧ ಮರಳಿನ ಮೇಲೆ ಕೊಳೆಯುತ್ತಿತ್ತು. ಶಿವಮೊಗ್ಗದಲ್ಲೂ ಮೂರ್ನಾಲ್ಕು ಮನೆಗಳಲ್ಲಿ ಇದೇ ತಪ್ಪನ್ನು ಕಂಡಿದ್ದೇನೆ. ಕಾಳಜಿಯಿಂದಲೇ ಮಾಡುತ್ತಾರೆ, ಆದರೆ ತುತ್ತು ಬಾಯಿಗೆ ತಲುಪುವುದಿಲ್ಲ.

ಹವಳ ಗಿಡವಲ್ಲ, ಪ್ರಾಣಿ. ಅದರ ಮೈಯೊಳಗೆ ನೆಲೆಸಿದ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಕೊಡುತ್ತದೆ ನಿಜ. ಹಾಗಿದ್ದರೂ ಮೈ ಬೆಳೆಯಲು ಬೇಕಾದ ಸಾರಜನಕ, ರಂಜಕಗಳನ್ನು ಹವಳ ಬೇಟೆಯಿಂದಲೂ ಪಡೆಯುತ್ತದೆ. ಸಮುದ್ರದಲ್ಲಿ ಸೂಕ್ಷ್ಮ ಪ್ರಾಣಿಗಳು ಕತ್ತಲಾದ ಮೇಲೆ ಆಳದಿಂದ ಮೇಲೇಳುತ್ತವೆ. ಬಹಳಷ್ಟು ಹವಳಗಳು ಬೇಟೆ ಹಿಡಿಯುವ ಗ್ರಹಣಾಂಗ ಚಾಚುವುದೂ ಆಗಲೇ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಂಡೆ ಕಟ್ಟುವ ಕಲ್ಲು ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮುರುಡೇಶ್ವರದಾಚೆಯ ನೇತ್ರಾಣಿಯಿಂದ ತಂದದ್ದು ಎಂದು ಯಾರಾದರೂ ತುಂಡು ತೋರಿಸಿದರೆ ಮುಟ್ಟಬೇಡಿ. ಇಲ್ಲಿ ಹೇಳುವುದೆಲ್ಲ ಮಶ್ರೂಮ್ ಮತ್ತು ಝೋವಾಂಥಿಡ್ ಎಂಬ, ಕಲ್ಲು ಕಟ್ಟದ ಮೆತ್ತನೆಯ ಹವಳಗಳನ್ನು ಸಾಕುವವರಿಗೆ.

ಹಂತ 1: ನೀರು ಪರೀಕ್ಷಿಸಿ. ನೈಟ್ರೇಟ್ 10 ಪಿಪಿಎಂ (ಹತ್ತು ಲಕ್ಷದಲ್ಲಿ ಹತ್ತು ಭಾಗ) ಅಥವಾ ಫಾಸ್ಫೇಟ್ 0.1 ಪಿಪಿಎಂ ದಾಟಿದ್ದರೆ ಈ ವಾರ ಊಟ ಬೇಡ, ನೀರು ಬದಲಿಸಿ.

ಹಂತ 2: ಬಾಯಿಗೆ ತಕ್ಕ ಆಹಾರ ಆರಿಸಿ. ಅಂಗಡಿಯವರು ಮೊದಲು ಕೈಗೆ ಕೊಡುವುದು ಹಸಿರು ಬಾಟಲಿ, ಅಂದರೆ ಸಸ್ಯಪ್ಲಾಂಕ್ಟನ್. ಅದರಲ್ಲಿ ಹೆಚ್ಚಾಗಿರುವ ನ್ಯಾನೋಕ್ಲೋರಾಪ್ಸಿಸ್ ಪಾಚಿಯ ಒಂದೊಂದು ಕಣವೂ ಎರಡರಿಂದ ನಾಲ್ಕು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡರಿಂದ ನಾಲ್ಕು ಪಾಲು. ಸಿಗಡಿ ಜಾತಿಯ ಸೂಕ್ಷ್ಮ ಜೀವಿಗಳಾದ ಕೋಪೆಪಾಡ್‌ಗಳಿಗೆ, ಕಪ್ಪೆಚಿಪ್ಪಿಗೆ ಅದು ಹಬ್ಬದೂಟ. ಮಶ್ರೂಮಿಗೆ ಬೇಕಾದದ್ದು ಗ್ರಹಣಾಂಗಕ್ಕೆ ಅಂಟಿಕೊಳ್ಳುವಷ್ಟು ದೊಡ್ಡ ತುತ್ತು. ನನ್ನ ಆಯ್ಕೆ ಒಂದೇ: ಆಗಷ್ಟೇ ಮೊಟ್ಟೆಯೊಡೆದ ಬ್ರೈನ್ ಶ್ರಿಂಪ್ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮರಿ, ಸುಮಾರು ಅರ್ಧ ಮಿಲಿಮೀಟರ್. ಫ್ರೋಜನ್ ಸೈಕ್ಲಾಪ್ಸ್ (ಇದೂ ಒಂದು ಕೋಪೆಪಾಡ್) ಕೂಡ ನಡೆಯುತ್ತದೆ. 'ಜೀವಂತ' ಎಂದು ಚೀಟಿ ಹಚ್ಚಿ, ಫ್ರಿಜ್ಜಿನ ಹೊರಗೆ ವಾರಗಟ್ಟಲೆ ಶೆಲ್ಫಿನಲ್ಲಿಟ್ಟ ಬಾಟಲಿ ಮಾತ್ರ ಬೇಡ. ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಚೆಲ್ಲಿಬಿಡಿ. ಬೇಯಿಸಿದ ಮೊಟ್ಟೆಯ ಹಳದಿ ಕದಡಿ ಹಾಕುವ ಅಡ್ಡದಾರಿಯನ್ನೂ ಬಿಡಿ, ಒಂದೇ ರಾತ್ರಿಯಲ್ಲಿ ನೀರು ಕೆಡುತ್ತದೆ.

ಮರಿ ಮಾಡುವುದು ಸುಲಭ. ತಳ ಕತ್ತರಿಸಿದ ಸೋಡಾ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿ, ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ಕಾಲು ಚಮಚ ಬ್ರೈನ್ ಶ್ರಿಂಪ್ ಮೊಟ್ಟೆ ಹಾಕಿ, ಗಾಳಿಯನ್ನು ಜೋರಾಗಿ ಬಿಡಿ. ನಮ್ಮ ಕಡೆಯ ನೀರು ಮೆದು, ಹಾಗಾಗಿ ಅರ್ಧ ಚಮಚ ಅಡುಗೆ ಸೋಡಾ ಸೇರಿಸಿ. 26ರಿಂದ 28 ಡಿಗ್ರಿಯಲ್ಲಿ, ಲೈಟಿನ ಕೆಳಗೆ ಒಂದು ದಿನ ಸಾಕು. ಚಳಿಗಾಲದಲ್ಲಿ ಒಂದೂವರೆ ದಿನ.

ಮಲೆನಾಡಿನಲ್ಲಿ ಕೆಡುವುದು ಮೊಟ್ಟೆಯೇ. ಜಡಿಮಳೆಯ ತಿಂಗಳಲ್ಲಿ ಡಬ್ಬಿ ತೆರೆದಿಟ್ಟರೆ ಉಪ್ಪು ನೀರೊಡೆಯುವ ಹಾಗೆ ಇದೂ ತೇವ ಎಳೆದುಕೊಳ್ಳುತ್ತದೆ, ಆಮೇಲೆ ಒಡೆಯುವ ಮೊಟ್ಟೆ ಕಡಿಮೆಯಾಗುತ್ತಾ ಹೋಗುತ್ತದೆ. ತಂದ ದಿನವೇ ಚಿಕ್ಕ ಚಿಕ್ಕ ಸೀಸೆಗಳಿಗೆ ಹಂಚಿ, ಮಾತ್ರೆ ಡಬ್ಬಿಯಲ್ಲಿ ಸಿಗುವ ಸಿಲಿಕಾ ಪೊಟ್ಟಣ ಹಾಕಿ, ಫ್ರೀಜರಿನಲ್ಲಿಡಿ. ಒಂದು ಸಲಕ್ಕೆ ಒಂದೇ ಸೀಸೆ ತೆರೆಯಿರಿ.

ಮರಿಯಾದ ಮೇಲೆ ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಸಿಪ್ಪೆ ಮೇಲೆ ತೇಲುತ್ತದೆ, ಒಡೆಯದ ಮೊಟ್ಟೆ ತಳಕ್ಕಿಳಿಯುತ್ತದೆ, ಮರಿಗಳು ಟಾರ್ಚ್ ಹಿಡಿದ ಕಡೆಗೆ ಕಿತ್ತಳೆ ಮೋಡದಂತೆ ಸೇರುತ್ತವೆ. ನಡುವಿನದ್ದನ್ನು ಮಾತ್ರ ಸಣ್ಣ ಪೈಪಿನಲ್ಲಿ ಎಳೆದು, ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ, ಟ್ಯಾಂಕಿನ ನೀರಲ್ಲಿ ತೊಳೆಯಿರಿ. ಮರಿಗೆ ಸತ್ವ ಇರುವುದು ಅದರ ಹೊಟ್ಟೆಯೊಳಗಿನ ಹಳದಿ ಭಂಡಾರದಲ್ಲಿ. ಗಂಟೆಗಳು ಕಳೆದಂತೆ ಅದು ಕರಗುತ್ತದೆ, ಆದ್ದರಿಂದ ಅದೇ ದಿನ ತಿನ್ನಿಸಿ.

ಹಂತ 3: ತಿನ್ನಿಸುವುದು. ಎಲ್ಲರೂ ಎಡವುವುದು ಇಲ್ಲೇ, ನಿಧಾನವಾಗಿ ಓದಿ.

ಮೊದಲು ಹೊತ್ತು. ಮಶ್ರೂಮಿಗೆ ಲೈಟ್ ಆರಿ ಒಂದು ಗಂಟೆಯಾದ ಮೇಲೆ, ಕೆಂಪು ಕಾಗದ ಸುತ್ತಿದ ಟಾರ್ಚಿನ ಬೆಳಕಿನಲ್ಲಿ. ಝೋವಾಂಥಿಡ್ ಹಾಗಲ್ಲ, ಲೈಟ್ ಆರಿದರೆ ಮೊಗ್ಗಿನಂತೆ ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಬಾಯಿಯ ಮೇಲೆ ಊಟ ಸುರಿಯುವವರೇ ಹೆಚ್ಚು. ಅದಕ್ಕೆ ಸಂಜೆ, ನೀಲಿ ಲೈಟ್ ಮಾತ್ರ ಉರಿಯುವಾಗ ಕೊಡಿ.

ಮೀನಿಗೆ ಮೊದಲೇ ಹೊಟ್ಟೆ ತುಂಬಿಸಿ. ರಿಟರ್ನ್ ಪಂಪ್ (ಸೋಸಿದ ನೀರನ್ನು ಟ್ಯಾಂಕಿಗೆ ಮರಳಿಸುವುದು), ಸ್ಕಿಮ್ಮರ್, ವೇವ್‌ಮೇಕರ್ (ಅಲೆ ಎಬ್ಬಿಸುವುದು) ಮೂರನ್ನೂ ನಿಲ್ಲಿಸಿ, ಆ ಕ್ಷಣವೇ ಫೋನಿನಲ್ಲಿ ಮೂವತ್ತು ನಿಮಿಷಕ್ಕೆ ಅಲಾರಂ ಇಡಿ. ಪಂಪ್ ಮರೆತು ಮಲಗಿದವರ ಮೀನು ಬೆಳಗ್ಗೆ ಮೇಲೆ ಬಂದು ಗಾಳಿಗೆ ಬಾಯಿ ಬಿಡುತ್ತಿದ್ದುದನ್ನು ನೋಡಿದ್ದೇನೆ. ಸಿಡಿಲಿನ ಸದ್ದಿಗೆ ಕರೆಂಟು ಬಂದು ಹೋಗುತ್ತಿದ್ದರೆ ಅವತ್ತು ಊಟವೇ ಬೇಡ, ಉಪವಾಸಕ್ಕೆ ಹವಳ ಸಾಯುವುದಿಲ್ಲ.

ನೀರು ನಿಂತ ಮೇಲೆ ಮರಿ ತೊಳೆದ ನೀರನ್ನು ನಾಲ್ಕೈದು ಹನಿ ಬಿಟ್ಟು ಹತ್ತು ನಿಮಿಷ ಕಾಯಿರಿ. ವಾಸನೆ ಹಿಡಿದ ಹವಳ ಉಬ್ಬಿಕೊಳ್ಳುತ್ತದೆ, ಬಾಯಿಯ ಸೀಳು ತುಸು ಬಿಚ್ಚುತ್ತದೆ. ಅದು ಕಾಣುವವರೆಗೆ ಸಿರಿಂಜ್ ಮುಟ್ಟಬೇಡಿ.

5 ಮಿಲಿಯ ಸಿರಿಂಜಿಗೆ ಗಟ್ಟಿ ಏರ್‌ಲೈನ್ ಕೊಳವೆ ಸಿಕ್ಕಿಸಿ. ತುದಿ ಹವಳದಿಂದ ಎರಡು ಮೂರು ಸೆಂಟಿಮೀಟರ್ ಮೇಲಿರಲಿ. ತಟ್ಟೆಯಂಚಿಗೆ ತುಪ್ಪ ಬಡಿಸುವಷ್ಟು ಮೆಲ್ಲಗೆ ಒತ್ತಿ, ಮರಿಗಳು ತಾವಾಗಿ ಕೆಳಗೆ ಇಳಿಯಬೇಕು. ನೀರಿನ ಧಾರೆ ಮೈಗೆ ಬಡಿದರೆ ಅದು ಮುದುಡುತ್ತದೆ, ಅವತ್ತಿನ ಊಟ ಮುಗಿದಂತೆ. ಒಂದು ಮಶ್ರೂಮಿಗೆ ಅರ್ಧ ಮಿಲಿ ಧಾರಾಳ.

ಈಗ ಕೈ ಕಟ್ಟಿ ಕೂತು ನೋಡಿ. ಕಿತ್ತಳೆ ಚುಕ್ಕೆಗಳು ಮೈಮೇಲಿನ ಗುಬುಟುಗಳಿಗೆ ಅಂಟಿ ನಿಲ್ಲುತ್ತವೆ. ಐದು ನಿಮಿಷದಲ್ಲಿ ಅಂಚು ಎದ್ದು ಒಳಕ್ಕೆ ಬಾಗತೊಡಗುತ್ತದೆ, ಹದಿನೈದು ನಿಮಿಷಕ್ಕೆ ಎಲೆಅಡಿಕೆ ಸಂಚಿಯ ದಾರ ಎಳೆದ ಹಾಗೆ ಇಡೀ ಹವಳ ಬಾಯಿ ಕಟ್ಟಿಕೊಳ್ಳುತ್ತದೆ. ಈ ಹದಿನೈದು ನಿಮಿಷದಲ್ಲೇ ಕ್ಲೀನರ್ ಸಿಗಡಿ ಬಂದು ತುತ್ತು ಕದಿಯುವುದು. ಚಿಕ್ಕ ನೀರಿನ ಬಾಟಲಿಯ ಮೇಲರ್ಧ ಕತ್ತರಿಸಿ ಹವಳದ ಮೇಲೆ ಟೋಪಿಯಂತೆ ಮುಚ್ಚಿ, ಮೇಲಿನ ತೂತಿನಿಂದಲೇ ತಿನ್ನಿಸಿದರೆ ಸಿಗಡಿಯ ಕಾಟವಿಲ್ಲ. ಅಂಚನ್ನು ಸುಟ್ಟು ನುಣುಪು ಮಾಡಿ, ಇಲ್ಲವಾದರೆ ಹವಳದ ಮೈ ಹರಿಯುತ್ತದೆ.

ಹಂತ 4: ಅಲಾರಂ ಹೊಡೆದಾಗ ಪಂಪ್, ವೇವ್‌ಮೇಕರ್ ಹಾಕಿ. ಸ್ಕಿಮ್ಮರ್ ಒಂದು ಗಂಟೆ ಬಿಟ್ಟು. ಬಿದ್ದುಳಿದದ್ದನ್ನು ಅದೇ ಸಿರಿಂಜಿನಿಂದ ಎಳೆದು ತೆಗೆಯಿರಿ.

ವಾರಕ್ಕೆ ಎರಡು ಸಲ ಸಾಕು, ಹೊಸ ಟ್ಯಾಂಕಿಗೆ ಒಂದೇ ಸಲ. ಮಾರನೆಯ ಬೆಳಗ್ಗೆ ಹವಳದ ಬಾಯಿಯಿಂದ ಕಂದು ಲೋಳೆಯ ಉಂಡೆ ಹೊರಬಿದ್ದಿದ್ದು, ಅದರಲ್ಲಿ ಮರಿಗಳು ಇನ್ನೂ ಇಡಿಯಾಗಿಯೇ ಕಂಡರೆ, ಕೊಟ್ಟದ್ದು ಹೆಚ್ಚಾಗಿದೆ. ಎರಡು ದಿನ ಬಿಟ್ಟು ನೈಟ್ರೇಟ್ ನೋಡಿ, ಏರಿದ್ದರೆ ಮುಂದಿನ ಸಲ ಸಿರಿಂಜ್ ಅರ್ಧಕ್ಕೇ ತುಂಬಿಸಿ.