ಸಂಬಳದ ಕಾಲಂ ಖಾಲಿ ಬಿಟ್ಟವರು

ನಾನು ಮಂಡ್ಯದ ಕಡೆ ಡಿಗ್ರಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಪ್ರತಿ ವರ್ಷ ಒಂದು ಬ್ಯಾಚ್ ಕಣ್ಣೆದುರೇ ಹೊರಗೆ ಹೋಗುತ್ತೆ. ಹೋದ ಹೆಣ್ಣುಮಕ್ಕಳು ಆಮೇಲೆ ಏನಾದರು, ಓದಿದ್ದು ಅವರ ದುಡಿಮೆಗೆ ಎಷ್ಟು ಆಸರೆಯಾಯಿತು? ಪಿಎಚ್‌ಡಿಗೆ ನಾನು ಇದನ್ನೇ ತೆಗೆದುಕೊಂಡೆ. ವಿಷಯ ಕೇಳಿದವರು, "ಓದಿದ್ರೆ ಸಂಬಳ ಜಾಸ್ತಿ, ಅಷ್ಟೇ ಅಲ್ವಾ?" ಅಂತಿದ್ದರು. ನಾನೂ ಮೊದಮೊದಲು ಹೆಚ್ಚು ಕಡಿಮೆ ಹಾಗೇ ಅಂದುಕೊಂಡಿದ್ದೆ.

ಶುರು ಮಾಡಿದ್ದು ಫೋನಿನಲ್ಲಿ. ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿಗೆ ಒಂದು ಗೂಗಲ್ ಫಾರ್ಮ್ ಹಾಕಿದೆ. ಯಾವ ಕೋರ್ಸು, ಮುಗಿಸಿದ್ದು ಯಾವ ವರ್ಷ, ಈಗ ಏನು ಕೆಲಸ, ತಿಂಗಳಿಗೆ ಎಷ್ಟು ಸಂಬಳ. ಎರಡೇ ದಿನದಲ್ಲಿ ಉತ್ತರ ಬಂತು. ಬ್ಯಾಂಕಿನಲ್ಲಿರುವವರು, ಬೆಂಗಳೂರಿನ ಕಂಪನಿ ಸೇರಿದವರು, ಹೈಸ್ಕೂಲು ಟೀಚರ್ ಆದವರು. ಓದಿ ಖುಷಿಪಟ್ಟೆ. ಆಮೇಲೆ ಹಳೇ ಹಾಜರಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಒಂದೊಂದು ಹೆಸರಿಗೂ ಟಿಕ್ ಹಾಕುತ್ತಾ ಹೋದೆ. ಟಿಕ್ ಬೀಳದ ಹೆಸರುಗಳೇ ಜಾಸ್ತಿ. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವರು, ಪರೀಕ್ಷೆಯಲ್ಲಿ ಅಡಿಷನಲ್ ಶೀಟ್ ಕೇಳುತ್ತಿದ್ದವರು ಅದರಲ್ಲಿದ್ದರು. ಕೆಲವರು ಫಾರ್ಮ್ ತುಂಬಿದ್ದರು, ಸಂಬಳದ ಕಾಲಂ ಮಾತ್ರ ಖಾಲಿ.

ಓದಿಗೂ ಸಂಬಳಕ್ಕೂ ಇರುವ ನಂಟನ್ನು ಅಳೆಯಲು ನಮ್ಮಲ್ಲಿ ಎಲ್ಲರೂ ಮೊದಲು ಹಿಡಿಯೋದು ಮಿನ್ಸರ್ ಸಮೀಕರಣ. ಅರ್ಥಶಾಸ್ತ್ರಜ್ಞ ಜೇಕಬ್ ಮಿನ್ಸರ್ 1974ರ ತಮ್ಮ ಪುಸ್ತಕದಲ್ಲಿ ಅದನ್ನು ವಿಸ್ತಾರವಾಗಿ ಇಟ್ಟರು. ಒಂದು ವರ್ಷ ಹೆಚ್ಚಿಗೆ ಓದಿದರೆ ಸಂಬಳ ಶೇಕಡಾ ಎಷ್ಟು ಏರುತ್ತೆ ಅನ್ನೋದನ್ನು ಅದು ಹೇಳುತ್ತೆ. ಆದರೆ ಅದಕ್ಕೆ ಸಂಬಳ ಬೇಕು. ಸಂಬಳದ ಜಾಗ ಖಾಲಿ ಇದ್ದರೆ ಸಾಫ್ಟ್‌ವೇರ್ ಆ ಸಾಲನ್ನೇ ತೆಗೆದುಹಾಕಿ ಲೆಕ್ಕ ಮುಗಿಸುತ್ತೆ. ಪರದೆ ಮೇಲೆ ಉತ್ತರ ಅಚ್ಚುಕಟ್ಟಾಗಿ ಬರುತ್ತೆ. ನನ್ನ ಕ್ಲಾಸಿನ ಅರ್ಧಕ್ಕೂ ಹೆಚ್ಚು ಹುಡುಗಿಯರು ಅದರಲ್ಲಿ ಇರೋದಿಲ್ಲ. ಆ ಉತ್ತರವನ್ನು "ಮಂಡ್ಯದ ಹೆಣ್ಣುಮಕ್ಕಳಿಗೆ ಓದಿನಿಂದ ಆದ ಲಾಭ" ಅಂತ ಬರೆಯಲು ನನಗೆ ಮನಸ್ಸು ಒಪ್ಪಲಿಲ್ಲ.

ಇದಕ್ಕೂ ಒಂದು ದಾರಿ ಇದೆ. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ 1979ರಲ್ಲಿ ಕೊಟ್ಟ ತಿದ್ದುಪಡಿ. ದುಡಿಮೆಗೆ ಹೋಗೋರು ಯಾರು, ಹೋಗದವರು ಯಾರು ಅನ್ನೋದನ್ನು ಮೊದಲು ಲೆಕ್ಕ ಹಾಕಿ, ಅದನ್ನು ಸಂಬಳದ ಲೆಕ್ಕಕ್ಕೆ ಸೇರಿಸೋದು. ಅದನ್ನು ಬಳಸಿದೆ, ಈಗಲೂ ಬಳಸುತ್ತೇನೆ. ಆದರೆ ಕೆಲಸಕ್ಕೆ ಹೋಗದಿರಲು ಕಾರಣ ಏನು ಅನ್ನೋದು ಗೊತ್ತಿದ್ದರೆ ತಾನೇ ಆ ಮೊದಲ ಲೆಕ್ಕ ನಿಲ್ಲೋದು? ಅದು ಫಾರ್ಮಿನಲ್ಲಿ ಸಿಗಲ್ಲ. ಹಾಜರಿ ಪುಸ್ತಕದಲ್ಲಿದ್ದ ವಿಳಾಸ ಬರೆದುಕೊಂಡು ಊರುಗಳಿಗೆ ಹೊರಟೆ.

ಪಾಂಡವಪುರ ಕಡೆಯ ಒಂದು ಮನೆ. ಹುಡುಗಿ ನನ್ನ ವಿದ್ಯಾರ್ಥಿನಿ, 2016ರಲ್ಲಿ ಡಿಗ್ರಿ ಮುಗಿಸಿದವಳು. ಅವಳಿಗಾಗ 29 ವರ್ಷ. ಜಗಲಿ ಮೇಲೆ ಅವಳ ಅತ್ತೆ ಕೂತಿದ್ದರು. ಸೊಸೆ ಏನ್ ಕೆಲಸ ಮಾಡ್ತಾರಮ್ಮ ಅಂತ ಕೇಳಿದೆ. "ಏನೂ ಇಲ್ಲ ಕನವ್ವ, ಮನೇಲವ್ಳೆ" ಅಂದರು. ಅವಳು ಒಳಗಿಂದ ಬಂದು ನಕ್ಕು, "ಹೌದು ಮೇಡಂ, ಮನೇಲೇ ಇದೀನಿ" ಅಂದಳು. ಕೈಗೆ ಅಂಟಿದ್ದ ಹಿಂಡಿಯನ್ನು ಸೀರೆ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

ಹಿತ್ತಲಲ್ಲಿ ಎರಡು ಸೀಮೆಹಸು, ಒಂದು ಕರು. ಬೆಳಿಗ್ಗೆ ಸಂಜೆ ಹಾಲು ಕರೆದು ಡೇರಿಗೆ ಹಾಕೋದು ಅವಳೇ. ಗೋಡೆಯ ಮೊಳೆಗೆ ಡೇರಿ ಚೀಟಿಗಳನ್ನು ಚುಚ್ಚಿಟ್ಟಿದ್ದಳು. ಒಂದೊಂದರ ಹಿಂದೆಯೂ ಪೆನ್ಸಿಲಿನಲ್ಲಿ ಹಾಲಿನ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನ ಅಂಶ) ಎಷ್ಟು ಬಂತು, ಹಿಂಡಿ ಬದಲಾಯಿಸಿದ ಮೇಲೆ ಎಷ್ಟಾಯ್ತು ಅಂತ ಬರೆದುಕೊಂಡಿದ್ದಳು. ಬಟವಾಡೆ ಮಾತ್ರ ಅತ್ತೆಯ ಹೆಸರಿನಲ್ಲಿ ಬರುತ್ತೆ, ಡೇರಿ ಸದಸ್ಯರು ಅವರೇ. ನಾನು ಅಂಕಿಅಂಶ ಪಾಠ ಮಾಡಿದ ಹುಡುಗಿ, ಮೇವಿಗೂ ಫ್ಯಾಟಿಗೂ ಇರುವ ನಂಟನ್ನು ಚೀಟಿ ಹಿಂದೆ ಲೆಕ್ಕ ಹಾಕುತ್ತಿದ್ದಳು. ನನ್ನ ಕಡತದಲ್ಲಿ ಅವಳು ಒಂದು ಖಾಲಿ ಕಾಲಂ.

ಸರ್ಕಾರದ ವ್ಯಾಖ್ಯಾನ ಇಲ್ಲಿ ಅಷ್ಟು ಕೆಟ್ಟದಾಗಿಲ್ಲ. ಯಾರು ಏನು ದುಡಿಯುತ್ತಾರೆ ಅಂತ ಕೇಂದ್ರ ಸರ್ಕಾರ ಎಣಿಸುವ, 2017ರಲ್ಲಿ ಶುರುವಾದ ಪಿಎಲ್‌ಎಫ್‌ಎಸ್ ಸಮೀಕ್ಷೆಯಲ್ಲಿ ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ದುಡಿಯೋರಿಗೆ 21 ಅಂತ ಒಂದು ಕೋಡ್ ಇದೆ. ಅವರನ್ನು ದುಡಿಯೋರು ಅಂತಲೇ ಎಣಿಸುತ್ತಾರೆ. ಬರೀ ಮನೆಗೆಲಸ ಮಾಡೋರಿಗೆ 92. ಮಾರೋಕೆ ಹಾಲು ಕರೆಯೋಳು 21ಕ್ಕೆ ಸೇರಬೇಕು. ವಾರದ ಲೆಕ್ಕದಲ್ಲಂತೂ ಹಿಂದಿನ ಏಳು ದಿನದಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಸಾಕು. ಆದರೆ "ಕೆಲಸ ಮಾಡ್ತೀರಾ?" ಅಂತ ಕೇಳಿದರೆ ನಮ್ಮ ಊರುಗಳಲ್ಲಿ ಕೆಲಸ ಅಂದರೆ ಟಿಫನ್ ಬಾಕ್ಸ್ ಹಿಡಿದು ಬಸ್ಸು ಹತ್ತೋದು. ಉತ್ತರ ಸೀದಾ 92ಕ್ಕೆ ಹೋಗುತ್ತೆ.

ಅವತ್ತೇ ಪ್ರಶ್ನೆ ಬದಲಾಯಿಸಿದೆ. "ನಿನ್ನೆ ಬೆಳಿಗ್ಗೆ ಎದ್ದಾಗಿಂದ ಏನೇನು ಮಾಡಿದ್ರಿ, ಸುಮ್ನೆ ಹೇಳಿ" ಅಂತ ಶುರು ಮಾಡುತ್ತಿದ್ದೆ. ಹಾಲು ಕರೆಯುವ ಹೊತ್ತಿಗೆ ಹೋಗುತ್ತಿರಲಿಲ್ಲ. ಬೆಳಿಗ್ಗೆ 11ರ ಮೇಲೆ, ಮಧ್ಯಾಹ್ನ 3ರ ಒಳಗೆ. ಅತ್ತೆ, ಗಂಡ ಉತ್ತರ ಹೇಳಿದರೂ ಬರೆದುಕೊಳ್ಳುತ್ತಿದ್ದೆ, ಬೇರೆ ಕಾಲಮ್ಮಿನಲ್ಲಿ. ಅವಳ ಉತ್ತರ ಅವಳಿಂದಲೇ.

ಗಾರ್ಮೆಂಟ್ಸಿಗೆ ಹೋಗೋರ ಹತ್ತಿರ ಸಂಬಳ ಕೇಳುವಾಗಲೂ ಹುಷಾರಾಗಿರಬೇಕು. ಕೆಲವರು ಕೈಗೆ ಬರೋದನ್ನು ಹೇಳುತ್ತಾರೆ, ಕೆಲವರು ಪಿಎಫ್, ಇಎಸ್‌ಐ ಕಟ್ಟಾಗೋ ಮುಂಚಿನದನ್ನು. ಮೂಲ ವೇತನದ 12% ಪಿಎಫ್‌ಗೇ ಹೋಗುತ್ತೆ. ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸಿದರೆ ಓದಿನ ಲಾಭವೋ ಕಡಿತದ ವ್ಯತ್ಯಾಸವೋ ಗೊತ್ತೇ ಆಗಲ್ಲ.

ನನಗೆ ಜಾಸ್ತಿ ದಿನ ಹಿಡಿದದ್ದು ವರ್ಷಗಳ ಲೆಕ್ಕ. ಮಿನ್ಸರ್ ದಾರಿಯಲ್ಲಿ ಹೋದರೆ ಅನುಭವ ಅಂದರೆ ವಯಸ್ಸಿನಿಂದ ಓದಿದ ವರ್ಷ ಕಳೆದು, ಶಾಲೆ ಸೇರುವ ಮುಂಚಿನ ಇನ್ನೊಂದು 6 ಕಳೆಯೋದು. ಪಾಂಡವಪುರದ ಆ ಹುಡುಗಿಗೆ 29ರಲ್ಲಿ ಓದಿನ 15, ಆಮೇಲೆ 6 ಕಳೆದರೆ 8 ವರ್ಷದ ಅನುಭವ. ನಿಜಕ್ಕೂ ಸಂಬಳ ಎಣಿಸಿದ್ದು ಎಷ್ಟು ದಿನ? ಯಾವ ತಿಂಗಳು ಸೇರಿದೆ, ಯಾವಾಗ ಬಿಟ್ಟೆ ಅಂದರೆ ಯಾರಿಗೂ ನೆನಪಿರಲ್ಲ. ಅದಕ್ಕೆ ಒಂದು ಉದ್ದದ ಹಾಳೆಯಲ್ಲಿ ಗೆರೆ ಎಳೆದು, ಎಲ್ಲರಿಗೂ ನೆನಪಿರುವ ದಿನಗಳನ್ನು ಗುರುತು ಹಾಕಿಕೊಂಡೆ. 2016ರ ನವೆಂಬರಿನ ನೋಟ್ ಬಂದಿ. 2018ರ ನವೆಂಬರಿನಲ್ಲಿ ಅಂಬರೀಶ್ ತೀರಿಕೊಂಡಿದ್ದು. 2020ರ ಮಾರ್ಚಿನ ಲಾಕ್‌ಡೌನ್. 2021ರ ಅಕ್ಟೋಬರಿನಲ್ಲಿ ಪುನೀತ್ ಹೋಗಿದ್ದು. ಮಂಡ್ಯದಲ್ಲಿ ಅಂಬರೀಶ್ ಹೋದ ದಿನ ತಾನೆಲ್ಲಿದ್ದೆ ಅಂತ ಹೇಳದವರು ನನಗೆ ಸಿಕ್ಕಿಲ್ಲ.

"ನೋಟ್ ಬಂದಿ ಆದಾಗ ಮನೇಲಿದ್ದೆ ಮೇಡಂ. ಆಮೇಲಿನ ಯುಗಾದಿಗೆ ಗಾರ್ಮೆಂಟ್ಸ್ ಆಫೀಸ್ ಸೇರ್ದೆ. ಅಂಬರೀಶಣ್ಣ ಹೋದಾಗ ಮೈಸೂರಲ್ಲಿದ್ದೆ, ರೂಮಿನೋರೆಲ್ಲ ಟಿವಿ ಮುಂದೆ ಕೂತು ಅತ್ವಿ." ಮೈಸೂರಿನಲ್ಲಿ ಏನು ಮಾಡುತ್ತಿದ್ದೆ ಅಂದೆ. "ಪಿಡಿಒ, ಎಫ್‌ಡಿಎ ಎಕ್ಸಾಮ್‌ಗೆ ಓದ್ತಿದ್ದೆ." ಗಾರ್ಮೆಂಟ್ಸಿನ 14 ತಿಂಗಳು ಬಿಟ್ಟರೆ ಗೆರೆಯ ಮೇಲೆ ಸಂಬಳ ಇರಲಿಲ್ಲ. 2019ರಲ್ಲಿ ಮದುವೆ, ಲಾಕ್‌ಡೌನಿಗೆ ಕೈಯಲ್ಲಿ ಮಗು.

ಎಕ್ಸಾಮಿಗೆ ಓದುತ್ತಾ ಕಳೆಯುವ ಈ ವರ್ಷಗಳನ್ನು ನಮ್ಮ ಸಮೀಕರಣ ಅನುಭವ ಅಂತ ಎಣಿಸುತ್ತೆ. ಅಪ್ಪ ಅಮ್ಮ ಕಬ್ಬಿನ ದುಡ್ಡಿನಲ್ಲಿ ರೂಮಿನ ಬಾಡಿಗೆ ಕಟ್ಟಿರುತ್ತಾರೆ, ಹುಡುಗಿ ದಿನಕ್ಕೆ ಹತ್ತು ಗಂಟೆ ಓದಿರುತ್ತಾಳೆ. ಅದು ಖರ್ಚಿನ ಕಡೆ ಬರಬೇಕಾದ್ದು. ನನ್ನ ಲೆಕ್ಕದಲ್ಲಿ ಅದನ್ನು ಓದಿನ ವರ್ಷ, ದುಡಿಮೆಯ ವರ್ಷ ಎರಡರಿಂದಲೂ ಬೇರೆ ಮಾಡಿ ಇಟ್ಟೆ. ಗೈಡ್ ಮೊದಲು ಒಪ್ಪಲಿಲ್ಲ. ಉದ್ದದ ಹಾಳೆಗಳನ್ನು ಮೇಜಿನ ಮೇಲೆ ಹರಡಿದ ಮೇಲೆ ಒಪ್ಪಿದರು.

ಇನ್ನೊಂದು ತೊಡಕು ನಾಲೆಯದ್ದು. ವಿಶ್ವೇಶ್ವರಯ್ಯ ನಾಲೆಯ ನೀರು ಬರುವ ಊರಿನ ಹುಡುಗಿಯರು ಹೆಚ್ಚು ಓದಿರುತ್ತಾರೆ, ಮಳೆಯನ್ನೇ ನಂಬಿದ ನಾಗಮಂಗಲ ಕಡೆಯವರು ಅಷ್ಟಿಲ್ಲ ಅಂತಿಟ್ಟುಕೊಳ್ಳಿ. ಮುಂದೆ ಕಾಣುವ ವ್ಯತ್ಯಾಸ ಓದಿನದೋ ನೀರಿನದೋ? ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಇಂಡೋನೇಷ್ಯಾದಲ್ಲಿ ಇದನ್ನು ಬಿಡಿಸಿದ ರೀತಿ ನನಗೆ ತುಂಬಾ ಇಷ್ಟ. 1973ರಿಂದ 1978ರ ನಡುವೆ ಅಲ್ಲಿ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆ ಕಟ್ಟಿದರು. ಜಾಸ್ತಿ ಶಾಲೆ ಬಂದ ಜಾಗ, ಕಡಿಮೆ ಬಂದ ಜಾಗ, ಶಾಲೆಗೆ ಹೋಗುವ ವಯಸ್ಸಿದ್ದವರು, ದಾಟಿದವರು ಅಂತ ಹೋಲಿಸಿದರು. ನನ್ನ ಹತ್ತಿರ ಅಂಥ ಅವಕಾಶ ಇರಲಿಲ್ಲ. ಒಂದೇ ಹೋಬಳಿಯೊಳಗೆ ಮಾತ್ರ ಹೋಲಿಕೆ ಮಾಡಿದೆ, ಅದರಾಚೆಗೆ ಏನೂ ಹೇಳಲಿಲ್ಲ.

ಬರೆದು ಮುಗಿಸುವ ಮುಂಚೆ ಪ್ರತಿ ಮನೆಗೂ ಆ ಉದ್ದದ ಹಾಳೆ ಹಿಡಿದುಕೊಂಡು ಇನ್ನೊಂದು ಸಲ ಹೋದೆ, ತಪ್ಪಿದ್ದರೆ ತಿದ್ದಲಿ ಅಂತ. ಪಾಂಡವಪುರದ ಹುಡುಗಿ ಗೆರೆಯ ಮೇಲೆ ಬೆರಳಾಡಿಸುತ್ತಾ ಬಂದು ಲಾಕ್‌ಡೌನಿನ ಹತ್ತಿರ ನಿಂತಳು. "ಇಲ್ಲೊಂದು ಬಿಟ್ಟೋಗಿದೆ ಮೇಡಂ. ಸ್ಕೂಲ್ ಮುಚ್ಚಿದ್ವಲ್ಲ, ಊರಿನ ಮಕ್ಕಳಿಗೆ ಜಗಲಿ ಮೇಲೆ ಪಾಠ ಮಾಡ್ತಿದ್ದೆ. ಹನ್ನೊಂದು ಮಕ್ಕಳು. ಪುನೀತ್ ಹೋಗೋ ಹೊತ್ತಿಗೆ ಸ್ಕೂಲ್ ತೆಗೆದ್ರು, ನಿಲ್ಸಿದೆ."

ಫೀಸ್ ತಗೊಂಡಿದ್ಯಾ ಅಂತ ಕೇಳಿದೆ. ಕೆಲವರು ದುಡ್ಡು ಕೊಟ್ಟಿದ್ದರು. ನಾಲ್ಕು ಮನೆಯವರು ಸುಗ್ಗಿಯಲ್ಲಿ ತಲಾ 20 ಕೆಜಿ ರಾಗಿ ಕೊಟ್ಟಿದ್ದರು. "ರಾಗಿ ಲೆಕ್ಕಕ್ಕೆ ಬರಲ್ಲ ಅಲ್ವಾ?" ಅಂದಳು. ಬರುತ್ತೆ ಕಣಮ್ಮ ಅಂದೆ. 2020-21ರಲ್ಲಿ ರಾಗಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 3,295 ರೂಪಾಯಿ ಇತ್ತು. ನಾನು ಬ್ಯಾಗಿನಿಂದ ಕ್ಯಾಲ್ಕುಲೇಟರ್ ತೆಗೆಯುವಷ್ಟರಲ್ಲಿ ಅವಳು ಡೇರಿ ಚೀಟಿಯ ಹಿಂದೆ ಬರೆದು ತೋರಿಸಿದಳು: 2,636.